ಅಪ್ಪ ನೋಡಿದ ಸಿನಿಮಾಗಳು

ನಮ್ಮ ಮನೆಯ ಮುಂದಿನ ಕೋಣೆ ಅರ್ಧ ಮನೆ, ಅರ್ಧ ಹೊಲಿಗೆ ಅಂಗಡಿ. ಕಿಟಕಿಯ ಪಕ್ಕ ಅಮ್ಮನ ಮೆಷಿನ್ನು, ಬೆಂಚಿನ ಮೇಲೆ ಮುಂದಿನ ವರ್ಷ ಶಾಲೆಯ ಮಕ್ಕಳು ತೊಡಬೇಕಾದ ಬಿಳಿ ಯೂನಿಫಾರ್ಮುಗಳ ಗುಡ್ಡೆ. ಅಮ್ಮ ಗುಂಡಿಯ ತೂತುಗಳಿಗೆ ಕಾಜು ಹಾಕಿ ನನ್ನ ಕಡೆ ಎಸೆಯುತ್ತಾಳೆ. ನಾನು ನೆಲದ ಮೇಲೆ ಕೂತು ದಾರದ ತುದಿಗಳನ್ನು ಕತ್ತರಿಸಿ ಮಡಚಿಡುತ್ತೇನೆ. ದಾರದ ಡಬ್ಬಿಗೆ ಒರಗಿಸಿದ ಮೊಬೈಲಿನಲ್ಲಿ ಸಿನಿಮಾ ಓಡುತ್ತಿರುತ್ತದೆ.

“ಒಂದು ಕಿವಿ ಸಿನಿಮಾಗೆ, ಒಂದು ಕಿವಿ ನಂಗೆ. ಪುಸ್ತಕಕ್ಕೆ ಯಾವ ಕಿವಿ ಇಟ್ಟಿದೀಯಮ್ಮಾ?” ಎಂದು ಅಮ್ಮ ಕೇಳುತ್ತಾಳೆ.

“ಪುಸ್ತಕವನ್ನ ಕಣ್ಣಲ್ಲಿ ಓದ್ತಾರೆ, ಕಿವೀಲಲ್ಲ.”

“ಹೌದೌದು, ಫಲಿತಾಂಶ ಬಂದಾಗ ನನ್ನ ಕಣ್ಣಲ್ಲೇ ನೀರು ಬರೋದು.”

ನನಗೆ ಹದಿನೇಳು. ತರಗತಿಯಲ್ಲಿ ಸಿನಿಮಾದ ಮಾತು ಬಂದರೆ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ನಾಯಕನ ಕೂದಲು, ನಾಯಕಿಯ ಚಪ್ಪಲಿ, ಯಾವ ಹಾಡಿಗೆ ಯಾರು ಕುಣಿದರು. ನಾನೂ ಒಂದು ಮಾತು ಸಿದ್ಧ ಮಾಡಿಕೊಳ್ಳುತ್ತೇನೆ. ಅದನ್ನು ಒಳಗೇ ತಿದ್ದಿ, ತೀಡಿ, ಇನ್ನೇನು ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಹಾಗೆ ಉಳಿದ ಮಾತುಗಳನ್ನೆಲ್ಲ ನಾನು ಅಪ್ಪನಿಗೆ ಹೇಳುತ್ತಿದ್ದೆ.

ಅಪ್ಪ ಹಾಲಿನ ಟ್ಯಾಂಕರ್ ಓಡಿಸುತ್ತಾನೆ. ಡೈರಿಯಲ್ಲಿ ತುಂಬಿಸಿಕೊಂಡು, ಬೆಟ್ಟ ಹತ್ತಿ ಇಳಿದು, ಆಚೆಯ ಊರಲ್ಲಿ ಖಾಲಿ ಮಾಡಿ ಬರುವುದು ಅವನ ಕೆಲಸ. ಮೊದಲು ಜೊತೆಗೆ ಇನ್ನೊಬ್ಬ ಡ್ರೈವರ್ ಇರುತ್ತಿದ್ದರು. ಅವರನ್ನು ಅಪ್ಪ ಹರಟೆಮಲ್ಲ ಎಂದೇ ಕರೆಯುತ್ತಿದ್ದ. ಹತ್ತುವಾಗ ಶುರುವಾದ ಅವರ ಮಾತು ಇಳಿದ ಮೇಲೂ ಮುಗಿಯುತ್ತಿರಲಿಲ್ಲವಂತೆ. ಕಳೆದ ವರ್ಷ ಕಂಪನಿಯವರು ಈ ದಾರಿಗೆ ಒಬ್ಬನೇ ಸಾಕು ಎಂದು ತೀರ್ಮಾನಿಸಿ ಹರಟೆಮಲ್ಲನನ್ನು ಬೇರೆ ಗಾಡಿಗೆ ಹಾಕಿದರು. ಅದಾದ ಮೇಲೆಯೇ ಅಪ್ಪನಿಗೆ ಸಿನಿಮಾ ರುಚಿ ಹತ್ತಿದ್ದು. “ನೀನು ನೋಡೋದನ್ನ ನಂಗೂ ಕಳ್ಸು” ಅಂದ. ನನ್ನ ಸಿನಿಮಾ ಆ್ಯಪಿನಲ್ಲಿ ಅವನಿಗೂ ಒಂದು ಪ್ರೊಫೈಲ್ ಮಾಡಿಕೊಟ್ಟೆ. ಹಳದಿ ಗೂಬೆಯ ಚಿತ್ರ, ಕೆಳಗೆ ‘ಅಪ್ಪ’.

ನಾನು ನೋಡುವುದು, ಹೆಸರು ಹೇಳುವುದು, ಅಪ್ಪ ನೋಡಿ ಧ್ವನಿಸಂದೇಶ ಕಳಿಸುವುದು. ಹಾಲು ಇಳಿಸುವ ಸರದಿ ಕಾಯುತ್ತ ನೋಡುತ್ತೇನೆ ಎಂದಿದ್ದ. ಒಬ್ಬರು ನೋಡುವ ಮೊದಲು ಇನ್ನೊಬ್ಬರು ಕೊನೆ ಹೇಳಬಾರದು ಎಂಬ ಒಪ್ಪಂದವಿತ್ತು. ನಾನು ಸಿಕ್ಕಾಪಟ್ಟೆ ತಪ್ಪು ಹುಡುಕುತ್ತೇನೆಂದು ನನಗೆ ಸೆನ್ಸಾರಮ್ಮ ಎಂದು ಹೆಸರಿಟ್ಟಿದ್ದ. ದ್ವೀಪದಲ್ಲಿ ಸಿಕ್ಕಿಹಾಕಿಕೊಂಡ ವೈದ್ಯನ ಸಿನಿಮಾ ನನಗೆ ಹಿಡಿಸಲಿಲ್ಲ. ಅಷ್ಟು ದಿನ ಉಪವಾಸವಿದ್ದವನ ಗಡ್ಡ ಮಾತ್ರ ಬೆಳೆಯಿತು, ಹೊಟ್ಟೆ ಇಳಿಯಲಿಲ್ಲ. ಮಾತು ಬಿಟ್ಟ ಅಕ್ಕತಂಗಿಯರು ಒಂದೇ ರೈಲಿನಲ್ಲಿ ಹೋಗುವ ಸಿನಿಮಾ ಹಿಡಿಸಿತು. ತಂಗಿ ನಿದ್ದೆ ಹೋದಾಗ ಅಕ್ಕ ಅವಳ ಚಪ್ಪಲಿಯನ್ನು ಕಾಲಿಗೆ ಸಿಗುವ ಹಾಗೆ ಸರಿಸಿಡುತ್ತಾಳೆ, ಅಷ್ಟೆ. ಅದೇ ರಾಜಿ. ಇದನ್ನೆಲ್ಲ ಅಪ್ಪನಿಗೆ ಉದ್ದಕ್ಕೆ ಹೇಳಿದ್ದೆ. “ಹೌದು ಕಣೇ, ಆ ಅಕ್ಕನ ಧ್ವನಿಯೊಳಗೇ ಒಂಥರಾ ನೋವಿತ್ತು” ಅಂದಿದ್ದ.

ಆ ದಿನ ಅಪ್ಪನ ಹೊಸ ಸಂದೇಶ ಬಂದಿತ್ತು. ನಾನು ಕಾಲೇಜಿನಿಂದ ಬಂದು, ಮುಖ ತೊಳೆದು, ಅಂಗಿಗಳ ಮುಂದೆ ಕೂತು ಕೇಳಿದೆ. ಅದು ಕಿವಿ ಕೇಳದ ಅಜ್ಜಿಯೊಬ್ಬಳ ಸಿನಿಮಾದ ಬಗ್ಗೆ. ಅದರ ನಡುವೆ ಒಂದು ಕಡೆ ಶಬ್ದವನ್ನು ಪೂರ್ತಿ ತೆಗೆದುಬಿಡುತ್ತಾರೆ. ಬಾಗಿಲಲ್ಲಿ ನಿಂತ ಮೊಮ್ಮಗಳು ಏನೋ ಕೂಗುತ್ತಿದ್ದಾಳೆ, ತುಟಿ ಮಾತ್ರ ಆಡುತ್ತಿದೆ; ಅಜ್ಜಿಗೆ ಕೇಳಿಸಿದಷ್ಟೇ ನಮಗೂ. ನಾನು ಅಲ್ಲಿ ಅತ್ತಿದ್ದೆ.

“ಸೆನ್ಸಾರಮ್ಮಾ, ಪಿಚ್ಚರ್ ಚೆನ್ನಾಗಿತ್ತು. ಅಜ್ಜಿ ಗಟ್ಟಿಗಿತ್ತಿ. ಆದ್ರೆ ನಡುವೆ ಸೌಂಡೇ ಹೋಗ್ಬಿಡ್ತು ನೋಡು. ಮೊಬೈಲ್ ಕೈಗೆ ತಗೊಂಡು ತಟ್ಟಿದೆ, ಕುಟ್ಟಿದೆ, ಕಿವಿಗೆ ಹಾಕ್ಕೊಳ್ಳೋದನ್ನ ತೆಗೆದು ಊದಿದೆ, ಊಹೂಂ. ಆಮೇಲೆ ತಾನೇ ಬಂತು. ನಿನ್ನ ಆ್ಯಪ್ ಕಂಪನಿಯೋರಿಗೆ ಹೇಳು, ಸರಿ ಮಾಡ್ಲಿ.”

ನನಗೆ ನಗು ತಡೆಯಲಾಗಲಿಲ್ಲ. ಅಮ್ಮನಿಗೂ ಹೇಳಿದೆ.

“ನಿಮ್ಮಪ್ಪನ ಕಿವೀಗೆ ಹಾಲು ಹೋಗಿರ್ಬೇಕು” ಎಂದು ಅಮ್ಮ ಪೆಡಲು ತುಳಿದಳು.

ಇನ್ನೊಮ್ಮೆ ನಗೋಣವೆಂದು ಮತ್ತೆ ಹಾಕಿದೆ. ಈ ಸಲ ಅಪ್ಪನ ಮಾತಿನ ಹಿಂದೆ ಇದ್ದದ್ದೂ ಕೇಳಿಸಿತು. ಟಿಕ್, ಟಿಕ್, ಟಿಕ್. ಗಾಡಿ ತಿರುಗುವಾಗ ಹಾಕುವ ಇಂಡಿಕೇಟರ್. ‘ಕುಟ್ಟಿದೆ’ ಆದ ಮೇಲೆ ಬ್ರೇಕಿನ ಗಾಳಿ ಬುಸ್ಸೆಂದು ಬಿಟ್ಟ ಸದ್ದು. ಅದರ ನಡುವೆ ಯಾರಿಗೋ ಸಣ್ಣಗೆ, “ಹೋಗು ಮಾರಾಯ, ಹೋಗು.”

ಕತ್ತರಿ ನನ್ನ ಕೈಯಲ್ಲೇ ನಿಂತಿತು.

ಕಣ್ಣು ತೆರೆಯ ಮೇಲಿದ್ದವರಿಗೆ ಆ ದೃಶ್ಯ ಕೆಟ್ಟುಹೋದಂತೆ ಕಾಣಲು ಸಾಧ್ಯವೇ ಇಲ್ಲ. ಅಜ್ಜಿಯ ಕಿವಿಯನ್ನೇ ತೆರೆಯ ತುಂಬ ತೋರಿಸುತ್ತಾರೆ. ಹಳೆಯ ಸಂದೇಶಗಳನ್ನು ಒಂದೊಂದೇ ಹಾಕಿ ಕೇಳಿದೆ. ಪೊಲೀಸಿನವನ ಧ್ವನಿ ಗಡಸು. ಹುಡುಗಿ ಚೆನ್ನಾಗಿ ನಗ್ತಾಳೆ. ಮುದುಕನ ಕೆಮ್ಮು ನಿಜವಾದ್ದೇ ಇರ್ಬೇಕು. ಅಪ್ಪ ಒಂದು ಮುಖದ ಬಗ್ಗೆ, ಒಂದು ಬಣ್ಣದ ಬಗ್ಗೆ ಎಂದೂ ಹೇಳಿರಲಿಲ್ಲ. ಚಪ್ಪಲಿ ಸರಿಸಿದ ಅಕ್ಕನ ಬಗ್ಗೆ ಹೇಳಿದಾಗಲೂ ಅವನು ಹೊಗಳಿದ್ದು ಧ್ವನಿಯನ್ನು.

ಅವನು ಸರದಿ ಕಾಯುತ್ತ ನೋಡುತ್ತಿರಲಿಲ್ಲ. ಓಡಿಸುತ್ತ ಕೇಳುತ್ತಿದ್ದ. ಬೇಕೆನಿಸಿದಾಗ ಇಣುಕುತ್ತಿದ್ದ.

ಆ್ಯಪ್ ತೆರೆದು ಗೂಬೆಯನ್ನು ಒತ್ತಿದೆ. ಮೊದಲಿಗೇ ಇದ್ದದ್ದು ಲಿಫ್ಟಿನ ಸಿನಿಮಾ. ಆ ಬೆಳಿಗ್ಗೆ ನಾನೇ, “ಇದನ್ನ ಮಾತ್ರ ಬಿಡ್ಬೇಡ ಅಪ್ಪ, ಇವತ್ತೇ ನೋಡು” ಎಂದು ಕಳಿಸಿದ್ದೆ. ಚಿತ್ರದ ಕೆಳಗೆ ಎಷ್ಟು ನೋಡಿದ್ದಾಯಿತು ಎಂದು ತೋರಿಸುವ ಕೆಂಪು ಗೆರೆ ಕಾಲುಭಾಗ ದಾಟಿತ್ತು. ಮುಚ್ಚಿದೆ. ದಾರದ ಡಬ್ಬಿಯನ್ನು ನೋಡುತ್ತ ಕೂತು, ಮತ್ತೆ ತೆರೆದೆ. ಗೆರೆ ಕೂದಲೆಳೆಯಷ್ಟು ಮುಂದೆ ಹೋಗಿತ್ತು.

“ಅಮ್ಮಾ, ಅಪ್ಪ ಈಗ ಎಲ್ಲಿರ್ಬಹುದು?”

“ಇಷ್ಟೊತ್ತಿಗೆ ಬೆಟ್ಟದ ತಿರುವು ಇಳಿಯಕ್ಕೆ ಶುರು ಮಾಡಿರ್ತಾರೆ. ಯಾಕೆ?”

“ಸುಮ್ನೆ.”

“ಸುಮ್ನೆ ಫೋನ್ ಗೀನ್ ಮಾಡ್ಬೇಡ ಮತ್ತೆ. ಕೆಳಗಿಳಿದು ಅವರೇ ಮಾಡ್ತಾರೆ.” ಅದು ಅಮ್ಮನ ಕಟ್ಟುಪಾಡು. ಇಳಿಜಾರಿನಲ್ಲಿರುವಾಗ ಮನೆಯಿಂದ ಯಾರೂ ಫೋನ್ ಮಾಡಬಾರದು.

ಮಧ್ಯಾಹ್ನ ಅಪ್ಪ ಹೊರಡುವ ಮುಂಚೆ ಮಾಡಿದ ಫೋನು ನೆನಪಾಯಿತು. ಡೈರಿಗೆ ಹಾಲು ಕಡಿಮೆ ಬಂದಿದೆ, ಇವತ್ತು ಅರ್ಧ ಟ್ಯಾಂಕು ಎಂದಿದ್ದ. ಅರ್ಧ ಟ್ಯಾಂಕು ಎಂದರೇನು ಎಂದು ಅವನೇ ನನಗೆ ಚಿಕ್ಕವಳಿದ್ದಾಗ ಊಟದ ಮೇಜಿನ ಮೇಲೆ ತೋರಿಸಿದ್ದ. ನೀರಿನ ಬಾಟಲಿಯನ್ನು ಅಡ್ಡ ಮಲಗಿಸಿ ತಳ್ಳಿ, ತಟ್ಟನೆ ಹಿಡಿದು ನಿಲ್ಲಿಸಿದ. ಬಾಟಲಿ ನಿಂತಿತು, ಒಳಗಿನ ನೀರು ನಿಲ್ಲಲಿಲ್ಲ. ಮುಂದಕ್ಕೆ ನುಗ್ಗಿ ಬಾಟಲಿಯನ್ನೇ ದೂಡಿತು. “ತುಂಬಿದ್ರೆ ಹೆದರಿಕೆ ಇಲ್ಲ, ಖಾಲಿಯಿದ್ರೂ ಇಲ್ಲ. ಅರ್ಧಂಬರ್ಧ ಇದ್ರೇನೇ ಕಷ್ಟ. ಮನುಷ್ಯರ ಥರಾನೇ” ಎಂದು ನಕ್ಕಿದ್ದ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು, ಅದು ನನಗೊಬ್ಬಳಿಗೇ ಗೊತ್ತಿತ್ತು. ಲಿಫ್ಟಿನ ಸಿನಿಮಾದಲ್ಲಿ ಮೂವರು ಸಿಕ್ಕಿಕೊಳ್ಳುತ್ತಾರೆ. ಒಬ್ಬ ಗುಮಾಸ್ತ, ನೆಲ ಒರೆಸುವ ಹೆಂಗಸು, ಸಂದರ್ಶನಕ್ಕೆ ಬಂದ ಹುಡುಗ. ಮೂವರಲ್ಲೊಬ್ಬ ಕೊಲೆ ಮಾಡಿ ಬಂದಿದ್ದಾನೆ. ನಡುವೆ ದೀಪ ಹೋಗುತ್ತದೆ. ಲಿಫ್ಟಿನ ಹೊರಗೆ ಯಾರೋ ನಿಂತಿದ್ದಾರೆಯೇ ಎಂದು ಆಲಿಸಲು ಮೂವರೂ ಉಸಿರು ಬಿಗಿಹಿಡಿಯುತ್ತಾರೆ. ತೆರೆ ಕಪ್ಪು, ಶಬ್ದ ಸೊನ್ನೆ. ಸಾಮಾನ್ಯ ನಿರ್ದೇಶಕರಾಗಿದ್ದರೆ ಒಂದು ಕ್ಷಣದಲ್ಲಿ ಮುಗಿಸುತ್ತಿದ್ದರು. ಇವರು ಎಳೆದಿದ್ದಾರೆ, ನೋಡುವವರೇ ಉಸಿರು ಬಿಡುವ ತನಕ. ಎಂಥ ಎದೆಗಾರಿಕೆ ಎಂದು ನಾನು ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿದ್ದೆ.

ಆ ಜಾಗಕ್ಕೆ ಬಂದಾಗ ಅಪ್ಪ ಏನು ಮಾಡುತ್ತಾನೆಂದು ಅವನೇ ಹೇಳಿ ಕಳಿಸಿದ್ದ. ಮೊಬೈಲ್ ಕೈಗೆ ತೆಗೆದುಕೊಳ್ಳುತ್ತಾನೆ. ತಟ್ಟುತ್ತಾನೆ. ಕುಟ್ಟುತ್ತಾನೆ.

ಗೆರೆ ಅರ್ಧದ ಕಡೆ ಹೊರಟಿತ್ತು. ಕತ್ತಲಿನ ದೃಶ್ಯ ಅರ್ಧ ದಾಟಿದ ಕೂಡಲೇ ಬರುತ್ತದೆ.

ಅವನ ಮೊಬೈಲನ್ನು ಇಲ್ಲಿಂದಲೇ ಆ್ಯಪಿನಿಂದ ಹೊರಗೆ ಹಾಕಬಹುದು. ಒಂದು ಗುಂಡಿ ಒತ್ತಿದರೆ ಸಾಕು. ಆದರೆ ಆಗಲೂ ಶಬ್ದ ನಿಲ್ಲುತ್ತದೆ, ಆಗಲೂ ಅವನು ಮೊಬೈಲ್ ಎತ್ತಿಕೊಳ್ಳುತ್ತಾನೆ. ಸಂದೇಶ ಕಳಿಸಿದರೆ ಟಿಣ್ ಎನ್ನುತ್ತದೆ, ಓದಲು ಬಗ್ಗುತ್ತಾನೆ. ಫೋನ್ ಮಾಡಿದರೆ? ಕಿವಿಯಲ್ಲಿರುವುದನ್ನು ಮುಟ್ಟಿದರೆ ಸಾಕು, ನೋಡಬೇಕಾಗಿಲ್ಲ. ಆದರೆ ಇಳಿಜಾರಿನಲ್ಲಿ ಮನೆಯಿಂದ ಫೋನ್ ಬಂದರೆ ಅವನು ಮೊದಲು ಯೋಚಿಸುವುದು ಸಾವನ್ನು. ಗಾಬರಿಯಾದವನ ಕೈ ಸ್ಟೇರಿಂಗಿನ ಮೇಲೆ ಹೇಗಿರುತ್ತದೆ?

ಅಮ್ಮನಿಗೆ ಹೇಳೋಣವೆಂದು ಬಾಯಿ ತೆರೆದೆ. ಯಾವ ಮಾತಿನಿಂದ ಶುರುಮಾಡಬೇಕೆಂದು ತಿದ್ದತೊಡಗಿದೆ. ತರಗತಿಯಲ್ಲಿ ಮಾಡುತ್ತೇನಲ್ಲ, ಹಾಗೆಯೇ. ಗೆರೆ ಇನ್ನೊಂದು ಎಳೆ ಸರಿಯಿತು.

ಎದ್ದು ಅಡಿಗೆಮನೆಗೆ ಹೋಗಿ ಕರೆ ಒತ್ತಿದೆ.

ಮೊದಲ ರಿಂಗಿಗೇ ಎತ್ತಿದ. “ಏನಾಯ್ತು? ಅಮ್ಮ ಎಲ್ಲಿ?”

“ಅಪ್ಪ, ಯಾರಿಗೂ ಏನೂ ಆಗಿಲ್ಲ. ಅಮ್ಮ ಹೊಲೀತಿದಾಳೆ, ಮೆಷಿನ್ ಸದ್ದು ಕೇಳು.” ಫೋನನ್ನು ಬಾಗಿಲ ಕಡೆ ಹಿಡಿದೆ. “ಕೇಳ್ತಾ?”

“ಹೂಂ. ಮತ್ತೆ ಈಗ್ಯಾಕೆ ಮಾಡ್ದೆ? ಬುದ್ಧಿ ಇದೆಯಾ ನಿಂಗೆ?”

“ಎಲ್ಲಾದ್ರೂ ಜಾಗ ಸಿಕ್ಕಿದ ಕಡೆ ನಿಲ್ಸಪ್ಪ.”

“ಇಲ್ಲೆಲ್ಲಿ ಜಾಗ, ನಿನ್ನ ತಲೆ. ಒಂದು ಕಡೆ ಬಂಡೆ, ಒಂದು ಕಡೆ ಗಾಳಿ.” ಇಂಜಿನ್ನಿನ ಗೊರಗೊರ, ಬ್ರೇಕಿನ ಬುಸ್ಸು. ದೂರದಲ್ಲಿ ಯಾವುದೋ ಲಾರಿಯ ಹಾರನ್ನು, ಹತ್ತಿರವಾಗಿ, ಪಕ್ಕದಲ್ಲೇ ಅಬ್ಬರಿಸಿ, ಹಿಂದೆ ಹೋಯಿತು. “ಏನು, ಹೇಳು ಬೇಗ.”

“ನೀನು ಸಿನಿಮಾ ನೋಡ್ತಿದೀಯ.”

“ಯಾರು? ನಾನಾ? ಗಾಡಿ ಓಡಿಸ್ತಾ ಯಾರಾದ್ರೂ...”

“ಗೆರೆ ಮುಂದೆ ಹೋಗ್ತಿದೆ ಅಪ್ಪ. ಇಲ್ಲಿ ಕಾಣತ್ತೆ.”

ಗೇರು ಬದಲಾಯಿಸಿದ ಸದ್ದು ಬಂತು.

“ಅಪ್ಪ, ಕೊಂದಿದ್ದು ಆ ಹುಡುಗ. ಗುಮಾಸ್ತನಿಗೆ ಮೊದಲೇ ಗೊತ್ತಿರತ್ತೆ. ಹೆಂಗಸು ಬದುಕ್ತಾಳೆ. ಇನ್ನೇನೂ ಇಲ್ಲ ಅದ್ರಲ್ಲಿ. ಮುಗೀತು. ಆಫ್ ಮಾಡು. ಅಲ್ಲ, ಮುಟ್ಬೇಡ, ಮೊದ್ಲು ನಿಲ್ಸು, ಆಮೇಲೆ...”

“ಕಾವಲು ಕಾಯ್ತಿದೀಯಾ ನನ್ನ?” ಎಂದ ಅಪ್ಪ. ಅಂಥ ಧ್ವನಿಯನ್ನು ನಾನು ಅವನ ಬಾಯಲ್ಲಿ ಕೇಳಿರಲಿಲ್ಲ. “ನಾನು ಈ ಸ್ಟೇರಿಂಗ್ ಹಿಡಿದಾಗ ನೀನು ಹುಟ್ಟೇ ಇರ್ಲಿಲ್ಲ. ಇಡು ಫೋನು.”

ಕರೆ ಕಡಿದುಹೋಯಿತು.

ಅಡಿಗೆಮನೆಯ ಕಟ್ಟೆಗೆ ಒರಗಿ ಗೂಬೆಯನ್ನು ಒತ್ತಿದೆ. ಗೆರೆ ಇದ್ದಲ್ಲೇ ಇತ್ತು. ಮುಚ್ಚಿ ತೆರೆದೆ. ಅಲ್ಲೇ ಇತ್ತು. ಸಿನಿಮಾ ನಿಂತಿದೆ ಎಂದು ಉಸಿರು ಬಿಡುವ ಹೊತ್ತಿಗೆ ಇನ್ನೊಂದು ಯೋಚನೆ ಬಂದು ಆ ಉಸಿರನ್ನು ಅರ್ಧಕ್ಕೇ ಹಿಡಿಯಿತು. ಅವನು ನಿಲ್ಲಿಸಿದರೂ ಗೆರೆ ನಿಲ್ಲುತ್ತದೆ. ಮೊಬೈಲ್ ಒಡೆದುಹೋದರೂ ಗೆರೆ ನಿಲ್ಲುತ್ತದೆ. ಈಗ ಅದು ಸರಿಯಲಿ ಎಂದು ನಾನೇ ಬೇಡಿಕೊಳ್ಳುವಂತಾಯಿತು. ಸರಿದರೆ ಬದುಕಿದ್ದಾನೆ, ಆದರೆ ಸರಿದರೆ...

ಮುಂದಿನ ಕೋಣೆಯಲ್ಲಿ ಮೆಷಿನ್ನು ನಿಂತಿತು. ಅಮ್ಮ ಬಾಗಿಲಲ್ಲಿ ಬಂದು ನಿಂತಿದ್ದಳು, ಕುತ್ತಿಗೆಯಲ್ಲಿ ಅಳತೆ ಟೇಪು.

“ಯಾರ ಹತ್ರ ಮಾತಾಡ್ದೆ?”

ಈ ಸಲ ಮಾತನ್ನು ತಿದ್ದಲಿಲ್ಲ. ಬಂದ ಹಾಗೆ ಹೇಳಿದೆ, ಹಿಂದುಮುಂದಾಗಿ. ಗೆರೆ, ಅಜ್ಜಿ, ಇಂಡಿಕೇಟರ್, ಅರ್ಧ ಟ್ಯಾಂಕು, ನಾನೇ ಕಳಿಸಿದ್ದು. ಅಮ್ಮ ಬೈಯಲಿಲ್ಲ. ಹೊಸ್ತಿಲ ಮೇಲೆ ಕೂತುಬಿಟ್ಟಳು. “ಎಷ್ಟು ದಿನದಿಂದ?” ಎಂದಳು.

“ಹರಟೆಮಲ್ಲ ಹೋದಾಗಿಂದ ಅನ್ಸತ್ತೆ.”

“ಅನ್ಸತ್ತೆ” ಎಂದು ಅಮ್ಮ ಆ ಮಾತನ್ನೇ ಹಿಡಿದುಕೊಂಡು ಕೂತಳು. ನಾನು ಅವಳ ಪಕ್ಕ ಕೂತೆ. ಫೋನನ್ನು ಇಬ್ಬರ ನಡುವೆ ನೆಲದ ಮೇಲಿಟ್ಟೆವು. ಬೀದಿಯಲ್ಲಿ ಯಾರದೋ ಸೈಕಲ್ಲಿನ ಚೈನು ಕಳಚಿಕೊಂಡಿತ್ತು; ಅವರು ಅದನ್ನು ಬೈಯುತ್ತ ಹಾಕುತ್ತಿದ್ದರು. ಅಮ್ಮ ಎರಡು ಸಲ ಫೋನಿನ ಕಡೆ ಕೈ ಚಾಚಿ ಎರಡು ಸಲವೂ ಹಿಂದೆ ತೆಗೆದುಕೊಂಡಳು.

ಫೋನು ಬಡಿದುಕೊಂಡಾಗ ಇಬ್ಬರೂ ಒಟ್ಟಿಗೆ ಕೈ ಹಾಕಿದೆವು.

“ನಿಲ್ಸಿದೀನಿ” ಎಂದ ಅಪ್ಪ. ಇಂಜಿನ್ನಿನ ಸದ್ದಿರಲಿಲ್ಲ. “ಕಲ್ಲು ಒಡೆಯೋ ಜಾಗ ಒಂದಿದೆ ಇಲ್ಲಿ, ಅಗಲವಾಗಿದೆ. ಕೇಳು, ನಿನ್ಮೇಲೆ ಕೂಗಾಡ್ಬಾರ್ದಿತ್ತು.”

ಅಮ್ಮನೂ ಕಿವಿ ಹಚ್ಚುವ ಹಾಗೆ ಫೋನನ್ನು ಇಬ್ಬರ ನಡುವೆ ಹಿಡಿದೆ.

“ಪಿಚ್ಚರ್ ಹುಚ್ಚಿಂದ ಅಲ್ಲ ಕಣೇ. ನಿದ್ದೆ. ಆ ಮಲ್ಲ ಇದ್ದಾಗ ಅವನ ಬಾಯೇ ಅಲಾರಂ. ಅವನು ಹೋದ್ಮೇಲೆ ಒಂದಿನ ಇದೇ ತಿರುವಲ್ಲಿ ಕಣ್ಣು ಮುಚ್ಚಿಹೋಯ್ತು. ಎಚ್ಚರಾದಾಗ ಬಂಡೆ ಇಷ್ಟು ಹತ್ರ ಇತ್ತು. ಹಾಡು ಹಾಕಿದೆ, ಹಾಡಿಗೆ ಇನ್ನೂ ನಿದ್ದೆ ಬಂತು. ಕತೆಯಾದ್ರೆ ಬರಲ್ಲ. ಮುಂದೇನಾಗತ್ತೆ, ಮುಂದೇನಾಗತ್ತೆ ಅಂತ ಕಿವಿ ಎದ್ದಿರತ್ತೆ. ನಿನ್ನ ಪಿಚ್ಚರುಗಳೇ ಇಷ್ಟು ದಿನ ನನ್ನ ಜೊತೆ ಡ್ರೈವರ್ರು.”

ಅಮ್ಮ ಫೋನು ಕಿತ್ತುಕೊಂಡಳು. “ಏನ್ರೀ, ಅಷ್ಟಾಗಿದ್ರೂ ನಂಗೆ ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ? ನಾನೇನು ಈ ಮನೇಲಿ ಕಾಜು ಹಾಕಕ್ಕೆ ಮಾತ್ರ ಇರೋಳಾ?” ಆಚೆಯಿಂದ ಏನೋ ಬಂತು. “ಬೇಡ, ಏನೂ ಹೇಳ್ಬೇಡಿ. ಈಗ ಅಲ್ಲೇ ಮಲಕ್ಕೊಳ್ಳಿ... ಹಾಲು ಕೆಟ್ರೆ ಕೆಡ್ಲಿ, ಮೊಸರಾಗ್ಲಿ, ಬೆಣ್ಣೆಯಾಗ್ಲಿ, ನಂಗೇನು... ಸೂಪರ್‌ವೈಸರ್ ಜೊತೆ ನಾನು ಮಾತಾಡ್ತೀನಿ. ನೀವು ಕಿಟಕಿ ಸ್ವಲ್ಪ ತೆಗೆದು ಮಲಗಿ.”

ಅಮ್ಮ ಸೂಪರ್‌ವೈಸರ್ ಜೊತೆ ಮಾತಾಡಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದೆ. ಗಾಡಿ ಒಂದೇ ಕಡೆ ನಿಂತಿದೆ ಎಂದು ಅವರ ಜಿಪಿಎಸ್ ಯಂತ್ರ ಆಗಲೇ ಕೂಗುತ್ತಿತ್ತಂತೆ. ಅಮ್ಮ, “ನಮ್ಮೋರಿಗೆ ಮೈ ಸರಿಯಿಲ್ಲ, ಮಲಗಿದಾರೆ” ಎಂದಳು. ಸಿನಿಮಾದ ಸುದ್ದಿ ಎತ್ತಲಿಲ್ಲ. ಹಾಗೆ ಮಲಗುವವರು ಮನೆಯಲ್ಲೇ ಮಲಗಲಿ ಎಂದು ಅವರೆಂದರು. “ನೀವೊಂದ್ಸಲ ಆ ತಿರುವಿನಲ್ಲಿ ಒಬ್ಬರೇ ಇಳಿಸಿ ತೋರ್ಸಿ ಸಾರ್, ಆಮೇಲೆ ಹೇಳಿ” ಎಂದು ಅಮ್ಮ ಫೋನಿಟ್ಟಳು. ಇಟ್ಟ ಮೇಲೆ ಸೂಜಿಗೆ ದಾರ ಪೋಣಿಸಲು ನನ್ನ ಕೈಗೆ ಕೊಟ್ಟಳು.

ಮರುದಿನ ಮಧ್ಯಾಹ್ನ ಅಪ್ಪ ಮನೆಗೆ ಬಂದ. ಹಾಲು ಕೆಟ್ಟಿರಲಿಲ್ಲ, ತಡವಾಗಿ ತಲುಪಿತ್ತು. ಗಾಡಿಯ ಕೀಲಿ ಆಫೀಸಿನಲ್ಲಿಟ್ಟು, ಫೋನ್ ಬರುವ ತನಕ ಮನೆಯಲ್ಲಿರು ಎಂದಿದ್ದರು. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡು ಒಳಗೆ ಬಂದ ಎಂದು ಅಮ್ಮ ಅಣಕಿಸಿದಳು, ಅವನು ನಗಲಿಲ್ಲ. ಊಟ ಮಾಡಿ, ನನ್ನ ಎದುರು ನೆಲದ ಮೇಲೆ ಕೂತು, ಇನ್ನೊಂದು ಕತ್ತರಿ ತೆಗೆದುಕೊಂಡು ದಾರದ ತುದಿ ಕತ್ತರಿಸತೊಡಗಿದ. ಸ್ಟೇರಿಂಗಿಗೆ ಒಗ್ಗಿದ ಕೈ. ಎರಡನೇ ಅಂಗಿಯಲ್ಲೇ ಕಾಜನ್ನೂ ಸೇರಿಸಿ ಕತ್ತರಿಸಿದ.

“ಆ ಗೂಬೇನ ತೆಗೆದುಹಾಕು” ಎಂದ, ತಲೆ ಎತ್ತದೆ. “ಇದ್ರೆ ಕೈ ಹೋಗತ್ತೆ.”

ಅವನ ಮುಂದೆಯೇ ತೆಗೆದೆ. ನಿಜವಾಗಿಯೂ ಅಳಿಸಬೇಕೇ ಎಂದು ಆ್ಯಪ್ ಕೇಳಿತು. ದ್ವೀಪ, ರೈಲು, ಅಜ್ಜಿ, ತುದಿಯ ತನಕ ಕೆಂಪಾಗಿದ್ದ ಅಷ್ಟೂ ಗೆರೆಗಳು ಒಮ್ಮೆಗೇ ಹೋದವು. ಅಪ್ಪ ನನ್ನ ಜೊತೆ ಸಿನಿಮಾ ನೋಡುತ್ತಾನೆಂದು ಒಂದು ವರ್ಷ ಒಳಗೊಳಗೇ ಬೀಗಿದ್ದೆ. ಒಂದನ್ನಾದರೂ ನೋಡಿದ್ದೆಯಾ ಎಂದು ಕೇಳಬೇಕೆನಿಸಿತು. ಅವನು ಕತ್ತರಿಸಿ ಹಾಳುಮಾಡಿದ ಕಾಜನ್ನು ಹೆಬ್ಬೆರಳಿನಿಂದ ಕೂಡಿಸಲು ನೋಡುತ್ತಿದ್ದ. ಕೇಳಲಿಲ್ಲ.

ಅವನ ಫೋನು ಬಡಿದುಕೊಂಡಿತು. ತೆರೆಯ ಮೇಲೆ ಸೂಪರ್‌ವೈಸರ್. ಅಪ್ಪ ತಕ್ಷಣ ಎತ್ತಲಿಲ್ಲ. ಅಮ್ಮನ ಮುಖ ನೋಡಿದ. ಅವಳ ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ಮಾತಾಡದೆ, ಎರಡು ಬೆರಳು ಎತ್ತಿ ತೋರಿಸಿದಳು.

ಅಪ್ಪ ಫೋನ್ ಎತ್ತಿದ. ಕೇಳಿಸಿಕೊಂಡ. “ಸಂಜೆ ಗಾಡಿ ಇದೆ ಅಂದ್ರೆ ಬರ್ತೀನಿ ಸಾರ್” ಎಂದ. ಮತ್ತೆ ಕೇಳಿಸಿಕೊಂಡ. ಕತ್ತರಿಯನ್ನು ಮೆಲ್ಲಗೆ ನೆಲದ ಮೇಲಿಟ್ಟ.

“ಬರ್ತೀನಿ. ಆದ್ರೆ ಪಕ್ಕದಲ್ಲಿ ಇನ್ನೊಬ್ಬ ಡ್ರೈವರ್ ಇಲ್ದಿದ್ರೆ ಹತ್ತಲ್ಲ.”

ಆಚೆ ಕಡೆಯವರು ಸುಮ್ಮನಾದರು. ಅಪ್ಪ ಫೋನನ್ನು ಕಿವಿಯಿಂದ ತೆಗೆಯಲಿಲ್ಲ, ಮಾತನ್ನೂ ಹಿಂದೆ ತೆಗೆದುಕೊಳ್ಳಲಿಲ್ಲ. ಅಮ್ಮನ ಕಾಲು ಪೆಡಲಿನ ಮೇಲಿತ್ತು, ತುಳಿಯುತ್ತಿರಲಿಲ್ಲ.